ಮುದಿ ದೊರಿ ಯಾವ ಕೈಲೆ ಉಂಡ

ಸಮುದ್ರದ ಚಿತ್ರ ನನಗ ಒಂಚೂರೂ ಸೇರಲಿಲ್ಲ. ಅದನ್ನ ಮೊದಲ ಹೇಳಿಬಿಡ್ತೀನಿ. ನೀರು ಬರೋದು, ಹೋಗೋದು, ಮತ್ತ ಬರೋದು. ಅಷ್ಟು ನೋಡಾಕ ಕುರುಗೋಡಿಂದ ಬಳ್ಳಾರಿ ತನಕ ಬಂಡಿಯಾಗ ಸೊಂಟ ಮುರಕೊಂಡು ಹೋಗಬೇಕಿತ್ತೇನು? ನನ್ನ ಗಂಡನ ಮನಿ ಸಿರುಗುಪ್ಪದಾಗ. ಅಲ್ಲಿ ಹೊಳಿ ದಂಡಿಗೆ ಹೋಗಿ ನಿಂತ್ರ ನೀರು ಪುಕ್ಕಟೆ ಕಾಣ್ತೈತಿ, ಮ್ಯಾಲ ನಾಕು ಬಟ್ಟಿ ಒಕ್ಕೊಂಡೂ ಬರಬಹುದು. ಆದ್ರ ಜನ ಆ ಸಮುದ್ರಕ್ಕ ಬಾಯಿ ತಕ್ಕೊಂಡು ಕುಂತಿದ್ರು.

ಕುದುರಿ ಚಿತ್ರ ಚಲೋ ಇತ್ತು. ಹತ್ತು ಹನ್ನೆರಡು ಕುದುರಿ, ಒಂದರ ಹಿಂದ ಒಂದು, ಬೇಲಿ ಹಾರಿಕೋತ ಹೋಗ್ತಿದ್ವು. ಕಡೀ ಕುದುರಿ ಮ್ಯಾಲ ಕುಂತವನ ಟೊಪ್ಪಿಗಿ ಬಿತ್ತು, ಆತ ತಿರುಗಿ ಸುದ್ದಾ ನೋಡಲಿಲ್ಲ. ಅದು ನನಗ ಭಾಳ ಸೇರ್ತು. ಆಮ್ಯಾಲ ಒಬ್ಬಾಕಿ ದೊರಸಾನಿ ಅಗಲ ಲಂಗದ ಚುಂಗು ಹಿಡಕೊಂಡು ಗಿರಗಿರ ತಿರುಗಿದ್ಲು. ಹಾಡಿಲ್ಲ, ತಾಳ ಇಲ್ಲ, ಮೈಯಾಗ ಏನೋ ಹೊಕ್ಕವರಂಗ ಬರೇ ತಿರುಗೋದು. ಅದಕ್ಕ ಕುಣಿತ ಅಂತಾರಂತ. ನಮ್ಮಪ್ಪ ಊರಿಗೆಲ್ಲ ಬಯಲಾಟ ಕಲಿಸಿದವ. ಆತನ ಮುಂದ ಯಾರರ ಹಂಗ ಕುಣಿದಿದ್ರ ಕೈಯಾಗಿನ ತಾಳ ಬೀಸಿ ಒಗೀತಿದ್ದ.

ಎಲ್ಲಾದಕ್ಕೂ ಚಲೋದು ಅಂದ್ರ ಮುದಿ ದೊರಿ ಉಣ್ಣೋ ಚಿತ್ರ. ಒಬ್ಬ ಮುದುಕ, ಗಿರಿಜಾ ಮೀಸಿ, ಮೇಜಿನ ಮುಂದ ಒಬ್ಬನ ಕುಂತಾನ. ಬಟ್ಟಲದಾಗ ಏನೋ ಐತಿ, ಅಂಬಲಿ ಅಂತ ಇಟ್ಟುಕೊಳ್ರಿ. ಮಗ್ಗಲಾಗ ಒಂದು ಜೂಲು ನಾಯಿ. ಈತ ಒಂದು ಚಮಚ ಉಣ್ಣೋದು, ನಾಯಿ ಆತನ ತೊಡಿ ಮ್ಯಾಲ ಕಾಲಿಡೋದು, ಈತ ಕಣ್ಣು ಬಿಡೋದು, ಅದು ಕಾಲು ತಕ್ಕೊಳ್ಳೋದು. ಹಿಂಗ ನಾಕು ಸಲ. ಕಡೀಕ ಮುದುಕ ಬಟ್ಟಲ ಎತ್ತಿ ನೆಲಕ್ಕಿಟ್ಟುಬಿಟ್ಟ. ನಾನು ನಕ್ಕು ನಕ್ಕು ಕಣ್ಣಾಗ ನೀರು ತಂದುಕೊಂಡೆ. ಆದ್ರ ಒಂದು ಮಾತು. ಆ ಮುದುಕ ಎಡಗೈಲೆ ಉಂಡ.

ಇದು ರೂಪಾಯಿ ಮ್ಯಾಲ ರಾಣಿ ಮುಖ ಇದ್ದ ಕಾಲದ ಮಾತು. ಈಗಿನ ಚಿತ್ರ ಮಾತಾಡ್ತಾವ, ಹಾಡ್ತಾವ, ಅಳ್ತಾವ. ಆಗ ಅದಕ್ಕ ಒಂದು ಹೆಸರೂ ಇದ್ದಿಲ್ಲ, ಓಡಾಡೋ ಚಿತ್ರ ಅಂತಿದ್ವಿ. ಮದ್ರಾಸ್ ಕಡಿಂದ ಡೇರೆಯವರು ಬಂದು ದಂಡಿನ ಮಗ್ಗಲ ಬಯಲಾಗ ಡೇರೆ ಹೊಡಿದಾರಂತ ಸುದ್ದಿ ಕುರುಗೋಡಿಗೂ ಬಂತು. ನಾನು ಆಗ ತವರುಮನಿಗೆ ಬಂದಿದ್ದೆ. ಜೋಳದ ಸುಗ್ಗಿ, ಗಂಡಸರು ಯಾರೂ ಕಣ ಬಿಟ್ಟು ಬರಂಗಿಲ್ಲ ಅಂದ್ರು. ಓಣಿ ಹೆಣ್ಣುಮಕ್ಕಳು ಆರು ಮಂದಿ ಒಂದಾಗಿ, ನಮ್ಮ ಮನಿ ಮುದಿ ಆಳಿಗೆ ಬಂಡಿ ಹೂಡಾಕ ಹಚ್ಚಿ, ರೊಟ್ಟಿ ಕಟಗೊಂಡು ಹೊಂಟೇಬಿಟ್ವಿ. ಆತ ಡೇರೆ ಹತ್ರ ಎತ್ತು ಕಾಯಕೋತ ಹೊರಗ ಕುಂತ.

ಡೇರೆ ನಡುವ ದೊಡ್ಡದೊಂದು ಬಿಳಿ ಅರಬಿ ಪರದಿ ಹಂಗ ಕಟ್ಟಿದ್ರು. ಅದರ ಮುಂದ ಗಂಡಸರು, ಮತ್ತ ಕುರ್ಚಿ ಮ್ಯಾಲ ಕಚೇರಿ ಮಂದಿ, ಅವರ ಹೆಂಡರು. ನಮ್ಮಂಥ ಹೆಣ್ಣುಮಕ್ಕಳಿಗೆ ಅರಬಿ ಹಿಂದ ಜಾಗ. ಗಂಡಸರ ಕಣ್ಣಿಗೆ ಬೀಳದಂಗ ಆರಾಮಾಗಿ ಕಾಲು ಚಾಚಿ ಕುಂಡ್ರಬಹುದಿತ್ತು. ಚಿತ್ರ ಆ ಕಡಿಗೂ ಕಾಣ್ತಿತ್ತು, ಈ ಕಡಿಗೂ ಕಾಣ್ತಿತ್ತು. ಸಮುದ್ರ ಬಂದಾಗ ನಮ್ಮ ಮುಖದ ಮ್ಯಾಲ ಖರೇವಂದ್ರ ನೀರಿನ ಹನಿ ಬಿದ್ವು, ನಾವು ರೊಟ್ಟಿ ಗಂಟು ಎತ್ತಿ ಮಡಿಲಾಗ ಇಟಗೊಂಡ್ವಿ. ಮುದುಕ ಎಡಗೈಲೆ ಚಮಚ ಎತ್ತಿದಾಗ ಆರೂ ಮಂದಿ ಒಂದ ಸಲಕ್ಕ ಬಾಯಿಗೆ ಸೆರಗು ಹಚ್ಚಿಕೊಂಡ್ವಿ. ಇಷ್ಟು ರಾಜ್ಯ ಆಳೋ ಜನಕ್ಕ ತೊಳಕೊಳ್ಳೋ ಕೈ ಯಾವುದು, ಉಣ್ಣೋ ಕೈ ಯಾವುದು ಗೊತ್ತಿಲ್ಲಲ್ಲ ಅಂತ ದಾರಿ ತುಂಬ ಅದ ಮಾತು.

ಊರಿಗೆ ಬಂದು ನಾನು ಮಾಡಿದ ಮೊದಲ ಕೆಲಸ ಅಪ್ಪನ ಹತ್ರ ಹೋಗಿ ಕುಂತದ್ದು. ಅಪ್ಪನ ಎರಡೂ ಕಣ್ಣಿಗೆ ಪೊರಿ ಬಂದು ಆಗಲೇ ಮೂರು ವರ್ಷ ಆಗಿತ್ತು. ಅಣ್ಣನ ಸಂಸಾರದ ಜೋಡಿ ಇದ್ದ, ಊಟಕ್ಕ ನೀರಿಗೆ ಕಡಿಮಿ ಇದ್ದಿಲ್ಲ. ಆದ್ರ ಮ್ಯಾಳ ಕಲಿಸಿದ ಮನುಷ್ಯಾಗ ಕಾಣೋದ ನಿಂತುಹೋದ್ರ ಹೆಂಗಾಗಬ್ಯಾಡ? ಯಾರು ಏನು ನೋಡಿ ಬಂದ್ರೂ ಕರದು ಕುಂಡ್ರಿಸಿಕೊಂಡು ಹೇಳು ಅಂತಿದ್ದ. ಹೇಳೋರು ಒಂದು ಮಾತು ಆಚಿ ಈಚಿ ಮಾಡಿದ್ರ ಸಿಟ್ಟು ಬರ್ತಿತ್ತು. ಕಣ್ಣಿದ್ದವರು ಕಂಡದ್ದು ಕಂಡಂಗ ಹೇಳಬೇಕು, ಇಲ್ಲಾಂದ್ರ ನನ್ನಂಥವನ ಗತಿ ಏನು ಅನ್ನೋದು ಆತನ ವಾದ.

ಈಗ ನನ್ನ ತಂಗಿ ವಿಷಯ ಹೇಳಬೇಕು. ಹೇಳಾಕ ಇಷ್ಟ ಇಲ್ಲ, ಆದ್ರೂ ಹೇಳಬೇಕು. ಆಕಿ ನನಗಿಂತ ನಾಕು ವರ್ಷ ಸಣ್ಣಾಕಿ. ಹುಟ್ಟಿದಾಗಿಂದ ಅಪ್ಪಗ ಆಕಿ ಅಂದ್ರ ಪ್ರಾಣ. ತಾಲೀಮಿಗೆ ಹೋಗುವಾಗ ಆಕಿನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಹೋಗ್ತಿದ್ದ, ನಾನು ಅವ್ವನ ಜೋಡಿ ಬೀಸುಕಲ್ಲಿನ ಮುಂದ ಕುಂಡ್ರತಿದ್ದೆ. ಆಕಿ ಬಾಯಿ ಬಿಟ್ರ ಹಾಡಿನಂಗ, ನಾನು ಬಾಯಿ ಬಿಟ್ರ ಜಗಳದಂಗ ಅಂತ ಅಪ್ಪನ ಒಮ್ಮಿ ನಕ್ಕೋತ ಅಂದಿದ್ದ. ನಕ್ಕೋತ ಅಂದದ್ದು ಖರೆ, ಆದ್ರ ನಾನು ಅದನ್ನ ಮರೀಲಿಲ್ಲ. ಆಕಿನ್ನ ಬಳ್ಳಾರಿಗೆ ಕೊಟ್ರು, ಕಲೆಕ್ಟರ್ ಕಚೇರಿ ಗುಮಾಸ್ತಗ. ನನ್ನ ಸಿರುಗುಪ್ಪಕ್ಕ ಕೊಟ್ರು, ಸಾಲಿ ಮಾಸ್ತರಿಗೆ. ನಮ್ಮ ಮಾಸ್ತರು ದೇವರಂಥವರು, ನನಗ ಅಕ್ಷರ ಕಲಿಸಿದವರ ಅವರು, ಅದಕ್ಕ ಇದನ್ನ ಬರಿಯಾಕ ಹತ್ತೀನಿ. ಆದ್ರೂ ತಂಗಿ ಮನ್ಯಾಗ ಎರಡು ಕುರ್ಚಿ ಇದ್ವು. ಒಂದರ ಮ್ಯಾಲ ನಾನೂ ಕುಂತು ನೋಡೀನಿ. ಸುಡುಗಾಡು, ಕಾಲು ನೆಲಕ್ಕ ಮುಟ್ಟಲಿಲ್ಲ.

ಹಿಂಗಿರುವಾಗ ಚಿತ್ರ ನೋಡಿ ಬಂದಾಕಿ ನಾನು. ಅಪ್ಪನ ಮುಂದ ಕುಂತು ಸಮುದ್ರ, ಕುದುರಿ, ದೊರಸಾನಿ, ಮುದಿ ದೊರಿ ಎಲ್ಲಾ ಹೇಳಿದೆ. ಅಪ್ಪ ಕೇಳ್ತಾ ಕೇಳ್ತಾ ನನ್ನ ಕಡಿಗೆ ಸರಕೊಂಡು ಬಂದ. ಕುದುರಿ ಎಡದಿಂದ ಬಲಕ್ಕ ಹೋದ್ವೋ ಬಲದಿಂದ ಎಡಕ್ಕೋ ಅಂತ ಕೇಳಿದ. ಎಡದಿಂದ ಬಲಕ್ಕ ಅಂದೆ. ನೀರಿನ ಹನಿ ತಣ್ಣಗಿದ್ವೇನು ಅಂತ ಕೇಳಿದ. ತಣ್ಣಗಿದ್ವು ಅಂದೆ. ಎಡಗೈ ಸುದ್ದಿ ಬಂದಾಗ ಆತ ನಕ್ಕ ನಗಿ ಈಗಲೂ ಕಿವಿಯಾಗ ಐತಿ. ಮರುದಿನ ಸಂಜಿಕೂ ಕರದ. ಬಾ ಯವ್ವಾ, ಆ ನಾಯೀದು ಇನ್ನೊಮ್ಮಿ ಹೇಳು ಅಂದ. ಹದಿನೈದು ದಿನ ಹಿಂಗ ನಡೀತು. ನನ್ನ ಜೀವನದಾಗ ಅಪ್ಪ ನನ್ನ ಹುಡುಕಿ ಕರೆದ ಹದಿನೈದು ದಿನ ಅಂದ್ರ ಅವ. ಅತ್ತಿಗಿ ಬ್ಯಾರೆ, ನಿನ್ನ ಧ್ವನಿ ಕೇಳಿದ್ರ ಮಾವನ ಮುಖ ಅರಳ್ತೈತಿ ಅಂದ್ಲು. ನಾನು ನೆಲದ ಮ್ಯಾಲ ಇದ್ದಿಲ್ಲ.

ಯುಗಾದಿಗೆ ತಂಗಿ ಬಂದ್ಲು. ಬಂದು ಅಪ್ಪನ ಕಾಲು ಮುಟ್ಟಿ ಕುಂತ್ಲೋ ಇಲ್ಲೋ, ಆತ ನನ್ನ ಕಡಿಂದ ಆಕಿ ಕಡಿಗೆ ತಿರುಗಿಬಿಟ್ಟ. ನೀನೂ ಚಿತ್ರ ನೋಡಿದೇನು ಸಣ್ಣವ್ವಾ, ಹೇಳು ಹೇಳು, ನಿನ್ನ ಬಾಯಾಗ ಕೇಳಬೇಕು ಅಂದ. ನಿನ್ನ ಬಾಯಾಗ ಕೇಳಬೇಕು ಅಂದ್ರ ಏನರ್ಥ? ಹದಿನೈದು ದಿನ ಕೇಳಿದ್ದು ಯಾರ ಬಾಯಿಂದ, ಎಮ್ಮಿ ಬಾಯಿಂದೇನು? ನಾನು ಕಂಬಕ್ಕ ಆತುಗೊಂಡು ಹೋಳಿಗಿ ಕಣಕ ನಾದಕೋತ ಕುಂತೆ.

ಆಕಿ ಹೇಳಿದ್ಲು. ಹೊಟ್ಟಿಕಿಚ್ಚಿದ್ರೂ ಖರೆ ಹೇಳ್ತೀನಿ, ಚಂದ ಹೇಳಿದ್ಲು. ತಾವು ಮುಂದ ಕುರ್ಚಿ ಮ್ಯಾಲ ಕುಂತಿದ್ದು, ಮಗ್ಗಲಾಗ ಯಾವ ಅಧಿಕಾರಿ ಹೆಂಡ್ತಿ ಕುಂತಿದ್ಲು, ಕುದುರಿ ಕಾಲಾಗಿನ ಧೂಳು ಹೆಂಗ ಎದ್ದಿತ್ತು, ಟೊಪ್ಪಿಗಿ ಬಿದ್ದವನ ಕೂದಲ ಹೆಂಗ ಹಾರಿತ್ತು. ನಾನು ಧೂಳು ಹೇಳೇ ಇದ್ದಿಲ್ಲ. ನಾನು ಧೂಳು ನೋಡಿದ್ದೆ, ಹೇಳಬೇಕಂತ ಹೊಳೀಲಿಲ್ಲ, ಅಷ್ಟ. ಅಪ್ಪ ತೊಡಿ ಮ್ಯಾಲ ಬೆರಳಿಲೆ ತಾಳ ಹಾಕಾಕ ಹತ್ತಿದ. ನನ್ನ ಮಾತಿಗೆ ಆತ ಒಮ್ಮಿನೂ ತಾಳ ಹಾಕಿದ್ದಿಲ್ಲ.

ಆಮ್ಯಾಲ ಮುದಿ ದೊರಿ ಬಂದ. ತಂಗಿ ಅಂದ್ಲು, ಬಲಗೈಯಾಗ ಚಮಚ ಹಿಡಕೊಂಡು, ನಾಯಿಗೆ ಕಣ್ಣು ಬಿಟ್ಟು ಬಿಟ್ಟು ಉಂಡ ಅಂತ.

ನಾನು ಕಣಕದ ಕೈಲೆ ಎದ್ದು ಬಂದೆ. ಯಾವ ಕೈಲೆ ಅಂದಿ, ಇನ್ನೊಮ್ಮಿ ಹೇಳು ಅಂದೆ. ಬಲಗೈಲೆ ಅಕ್ಕಾ ಅಂದ್ಲು. ಕುದುರಿ ಯಾ ಕಡಿಗೆ ಹೋದ್ವು ಅಂದೆ. ಬಲದಿಂದ ಎಡಕ್ಕ ಅಂದ್ಲು. ಸಮುದ್ರದ ನೀರು ನಿನ್ನ ಮ್ಯಾಲ ಬಿತ್ತೇನು ಅಂದೆ. ಆಕಿ ನನ್ನ ಮುಖ ನೋಡಿ ನಕ್ಕುಬಿಟ್ಲು, ಚಿತ್ರದಾಗಿನ ನೀರು ಮೈಮ್ಯಾಲ ಹೆಂಗ ಬೀಳ್ತೈತಿ ಅಂದ್ಲು. ಆ ನಗಿ ನೋಡಿ ನನ್ನ ಮೈಯೆಲ್ಲಾ ಉರೀತು. ನಾನು ಅಂಗಳಕ್ಕ ಹೋಗಿ ಓಣಿ ಕಡಿಗೆ ಬಾಯಿ ಮಾಡಿ, ಚಿತ್ರಕ್ಕ ಹೋಗಿದ್ದ ಹೆಣ್ಣುಮಕ್ಕಳನ್ನೆಲ್ಲಾ ಕರದೆ. ಹೋಳಿಗಿ ಬಿಟ್ಟು ಐದೂ ಮಂದಿ ಬಂದ್ರು. ಅಪ್ಪನ ಮುಂದ ನಿಲ್ಲಿಸಿ ಒಬ್ಬೊಬ್ಬರನ್ನ ಕೇಳಿದೆ. ಎಡಗೈ, ಎಡಗೈ, ಎಡಗೈ ಅಂದ್ರು ಎಲ್ಲಾರೂ. ನೀರು ಬಿದ್ದದ್ದು ಖರೆ, ನನ್ನ ಕುಬಸ ತೊಯ್ದಿತ್ತು ಅಂದ್ಲು ಒಬ್ಬಾಕಿ. ಸುಳ್ಳು ಹೇಳಿ ಅವರಿಗೇನು ಆಗಬೇಕಿತ್ತು? ಅವರು ಕಂಡದ್ದು ಕಂಡಂಗ ಹೇಳಿದ್ರು. ನಾನೂ ಅಷ್ಟ.

ಆಗ ನಾನು ಒಂದು ಮಾತು ಸೇರಿಸಿದೆ. ಕುರ್ಚಿ ಇಲ್ಲ ಏನಿಲ್ಲ, ಈಕಿ ಡೇರೆ ಒಳಗ ಕಾಲ ಇಟ್ಟಿಲ್ಲ, ಗಂಡ ಕಚೇರಿಯಾಗ ಯಾರೋ ಹೇಳಿದ್ದು ಕೇಳಿ ಬಂದು ಹೇಳ್ಯಾನ, ಅದಕ್ಕ ಈಕಿ ಬಣ್ಣ ಹಚ್ಚಿ ನಮಗ ಉಣಬಡಸಾಕ ಹತ್ಯಾಳ ಅಂದೆ. ಅದು ಬಾಯಿಗೆ ಬಂದ ಮಾತು. ಆದ್ರ ಅಂದ ಕೂಡಲೇ ಎಲ್ಲಾರಿಗೂ ಅದ ಖರೆ ಅನಿಸಿತು, ನನಗೂ ಅದ ಖರೆ ಅನಿಸಿತು.

ಅಪ್ಪ ಬೆರಳಿನ ತಾಳ ನಿಲ್ಲಿಸಿದ. ಆಮ್ಯಾಲ ಆಕಿ ಕಡಿಗೆ ಮುಖ ಮಾಡಿ, ಸಿಟ್ಟಿಲ್ಲದಂಗ, ಅದ ಕೆಟ್ಟದ್ದು, ಸಿಟ್ಟಿಲ್ಲದಂಗ ಅಂದ:

"ನೋಡದ್ದನ್ನ ನೋಡೀನಿ ಅನಬಾರದು ಸಣ್ಣವ್ವಾ. ಕಣ್ಣಿಲ್ಲದವನ ಮುಂದ ಅನಲೇಬಾರದು."

"ನಾ ನೋಡೀನಿ ಅಪ್ಪಾ" ಅಂದ್ಲು ಆಕಿ. ಅಷ್ಟ ಅಂದ್ಲು.

ಹಬ್ಬದ ಊಟ ಅರ್ಧ ಮಾಡಿ ಎದ್ಲು. ಮರುದಿನ ಬೆಳಗಿನ್ಯಾಗ ಬಳ್ಳಾರಿಗೆ ಹೋಗೋ ಬಂಡಿ ಹತ್ತಿದ್ಲು. ಆಕಿ ಗಂಡಗ ಸುದ್ದಿ ತಿಳಿದು, ನನ್ನ ಹೆಂಡ್ತಿನ್ನ ಸುಳ್ಳಿ ಅಂದ ಮನಿಗೆ ನಾನು ಕಾಲಿಡಂಗಿಲ್ಲ ಅಂತ ಅಣ್ಣಗ ಹೇಳಿ ಕಳಿಸಿದ, ನಾವು ಇಬ್ಬರೂ ಕುಂತು ನೋಡೀವಿ ಅಂತನೂ ಹೇಳಿ ಕಳಿಸಿದ. ಗಂಡ ಆದವ ಹೆಂಡ್ತಿ ಕಡಿಗೆ ಹೇಳಬೇಕಲ್ಲ ಅಂತ ನಾನ ಅಪ್ಪಗ ಅಂದೆ. ಅಪ್ಪ ಹೌದು ಅಂದ. ಆಕಿ ಬರೋದು ನಿಂತೇಹೋತು.

ಒಂದು ವರ್ಷ, ಅಪ್ಪ ನನ್ನಾವ. ಸಿರುಗುಪ್ಪದಿಂದ ಎರಡು ತಿಂಗಳಿಗೊಮ್ಮಿ ಹೋಗಿ ಬರ್ತಿದ್ದೆ. ಮಾಸ್ತರು, ತವರಿನ ಹುಚ್ಚು ಈಗ ಹಿಡೀತೇನು ನಿನಗ ಅಂತ ಛೇಡಿಸ್ತಿದ್ರು. ಹೋದಾಗೆಲ್ಲಾ ಅಪ್ಪ ಮುದಿ ದೊರಿ ಕಥಿ ಹೇಳಿಸ್ತಿದ್ದ. ಹೇಳಿಸೋದಷ್ಟ ಅಲ್ಲ, ಕಲಿಸಾಕ ಹತ್ತಿದ. ನಾಯಿ ಕಾಲಿಟ್ಟಾಗ ಒಂಚೂರು ನಿಲ್ಲು, ಉಸಿರು ಹಿಡಿ, ಜನ ನಿನ್ನ ಬಾಯಿ ನೋಡಾಕ ಹತ್ತಿದ ಮ್ಯಾಲ ಮುಂದಿನ ಮಾತು ಬಿಡು ಅಂತಿದ್ದ. ಎಡಗೈ ಅನ್ನೋದನ್ನ ಮೊದಲ ಹೇಳಬ್ಯಾಡ, ಕಡೀಕ ಇಡು ಅಂತಿದ್ದ. ಮ್ಯಾಳದ ಗಂಡಸರಿಗೆ ಹೆಂಗ ಕಲಿಸ್ತಿದ್ನೋ ಹಂಗ, ತಪ್ಪಿದ್ರ ಬೈದು, ಚಲೋ ಆದ್ರ ಹೂಂ ಅಂದು. ಓಣಿ ಮಂದಿ ಬಂದು ಕಟ್ಟಿ ಮ್ಯಾಲ ಕುಂಡ್ರತಿದ್ರು. ನಾನು ಎಡಗೈ ಅಂದ ಕೂಡಲೇ ಅಪ್ಪ ತೊಡಿ ಮ್ಯಾಲ ಛಟ್ ಅಂತ ಒಂದು ಪೆಟ್ಟು ಹಾಕ್ತಿದ್ದ, ಕಟ್ಟಿ ತುಂಬ ನಗಿ. ಹೆಗಲ ಮ್ಯಾಲ ಕುಂತು ತಾಲೀಮಿಗೆ ಹೋಗೋದಕ್ಕಿಂತ ಇದು ದೊಡ್ಡದು ಅನಿಸ್ತಿತ್ತು ನನಗ. ಆಕಿನ್ನ ಬರೇ ಹೊತ್ತುಕೊಂಡು ಹೋಗಿದ್ದ. ನನಗ ಕಲಿಸಿದ.

ಮುಂದಿನ ಚಳಿಗಾಲಕ್ಕ ಅದ ಡೇರೆಯವರು ಬಳ್ಳಾರಿಗೆ ಮತ್ತ ಬಂದ್ರು. ಹೊಸ ಚಿತ್ರ ತಂದಾರಂತ ಅಂತ ಮಾಸ್ತರ ಕರಕೊಂಡು ಹೋದ್ರು. ತಂಗಿ ಮನ್ಯಾಗ ಇಳಿಯೋಣ ಅಂದ್ರು. ಅವರ ಬಾವಿ ನೀರು ನನಗ ಒಗ್ಗಂಗಿಲ್ಲ ಅಂತ ಹೇಳಿ ಛತ್ರದಾಗ ಇಳಕೊಂಡ್ವಿ. ಡೇರೆಗೆ ಹೋಗಬೇಕಾದ್ರ ಆಕಿ ಮನಿ ಓಣಿ ದಾಟೇ ಹೋಗಬೇಕು. ಬಾಗಿಲದಾಗ ರಂಗೋಲಿ ಹಾಕಿತ್ತು, ನನಗಿಂತ ಚಂದ ಹಾಕ್ತಾಳ ಸುಡ್ಲಿ. ನಾನು ಸೆರಗು ಮುಂದ ಎಳಕೊಂಡು ದಾಟಿದೆ.

ಆ ಸಲ ಗಾಳಿಗೆ ಡೇರೆ ಹಿಂದಿನ ಮಗ್ಗಲ ಹರಿದುಹೋಗಿತ್ತು. ಅಲ್ಲಿ ಕುಂಡ್ರಾಕ ಆಗಂಗಿಲ್ಲ ಅಂತ ಹೆಣ್ಣುಮಕ್ಕಳನ್ನ ಅರಬಿ ಮುಂದ, ಒಂದು ಮಗ್ಗಲಿಗೆ, ಹಗ್ಗ ಕಟ್ಟಿ ಕುಂಡ್ರಿಸಿದ್ರು. ಹೊಸ ಚಿತ್ರ ನಾಕು ತೋರಿಸಿದ್ರು. ಒಂದರಾಗ ಸಿಪಾಯಿಗಳು ನಡೀತಿದ್ರು, ದಂಡಿನ ಬಯಲಾಗ ದಿನಾ ಕಾಣ್ತಾರ, ಅದನ್ನ ಮತ್ತ್ಯಾಕ ತೋರಿಸಬೇಕು? ಒಂದರಾಗ ಕ್ಷೌರದವ ಒಬ್ಬನ ಮುಖದ ಮ್ಯಾಲ ಗಡಿಗಿ ತುಂಬ ನೊರಿ ಹಚ್ಚಿದ, ಅದು ನಡೀಬಹುದು. ಉಳಿದವು ಎರಡು ನೆನಪಿಲ್ಲ. ಆಮ್ಯಾಲ ಹಳೇವು ಬಂದ್ವು. ಕುದುರಿ ಓಡಿದ್ವು. ಬಲದಿಂದ ಎಡಕ್ಕ ಓಡಿದ್ವು.

ಬ್ಯಾರೆ ಕುದುರಿ ಇರಬೇಕು ಅಂದುಕೊಂಡೆ. ಆದ್ರ ಕಡೀ ಕುದುರಿಯವನ ಟೊಪ್ಪಿಗಿ ಬಿತ್ತು. ಆಮ್ಯಾಲ ಮುದಿ ದೊರಿ ಬಂದ. ಅದ ಮೀಸಿ, ಅದ ಬಟ್ಟಲ, ಅದ ನಾಯಿ. ಚಮಚ ಬಲಗೈಯಾಗ ಇತ್ತು. ಯಾರೋ ಬೈದಿರಬೇಕು, ಕೈ ಬದಲಿ ಮಾಡಿಕೊಂಡಾನ ಅಂತ ಒಂದು ಗಳಿಗಿ ಖರೇವಂದ್ರ ಅನಿಸಿತು ನನಗ. ಈಗ ನೆನಸಿಕೊಂಡ್ರ ನಗು ಬರ್ತೈತಿ, ಆಗ ಬರಲಿಲ್ಲ.

ಜನಕ್ಕ ಆ ಚಿತ್ರ ಭಾಳ ಸೇರಿ, ಮತ್ತೊಮ್ಮಿ ಮತ್ತೊಮ್ಮಿ ಅಂತ ಕೂಗಿದ್ರು. ಡೇರೆಯವ ಮತ್ತೊಮ್ಮಿ ಹಚ್ಚಾಕ ತಯಾರಿ ನಡೆಸಿದ. ನಾನು ಎದ್ದು, ಮಂದಿ ಮೊಣಕಾಲು ದಾಟಿಕೋತ, ಹಗ್ಗ ನುಸುಳಿ ಅರಬಿ ಹಿಂದಕ್ಕ ಹೋದೆ. ಅಲ್ಲಿ ಒಬ್ಬಾತ ಬಕೀಟಿನಾಗಿಂದ ನೀರು ತಗೊಂಡು ಅರಬಿಗೆ ಎರಚಾಕ ಹತ್ತಿದ್ದ. ಅರಬಿ ತೊಯ್ದಿದ್ರ ಬೆಳಕು ಪಾರಾಗಿ ಎರಡೂ ಕಡಿ ಕಾಣ್ತೈತಂತ, ಈ ಸಲ ಹಿಂದ ಮಂದಿ ಇಲ್ಲದಿದ್ರೂ ಆತಗ ಅದ ರೂಢಿ. ನನ್ನ ನೋಡಿ ತೆಲುಗಿನಾಗ ಬೈದ. ನಾಕು ಹನಿ ನನ್ನ ಮುಖದ ಮ್ಯಾಲ ಬಿದ್ವು, ಹೋದ ವರ್ಷದ ಸಮುದ್ರದ ಹನಿಯಂಗ ತಣ್ಣಗಿದ್ವು. ಚಿತ್ರ ಚಾಲೂ ಆತು. ಮುದುಕ ಚಮಚ ಎತ್ತಿದ. ಎಡಗೈಲೆ ಎತ್ತಿದ.

ನಾನು ಅಲ್ಲೇ ನಿಂತೆ. ಆರು ಮಂದಿ ಹೇಳಿದ್ದು ಖರೆ. ಆಕಿ ಒಬ್ಬಾಕಿ ಹೇಳಿದ್ದೂ ಖರೆ. ಅರಬಿ ಮುಂದ ಕುರ್ಚಿ ಮ್ಯಾಲ ಆಕಿ ಕುಂತಿದ್ದೂ ಖರೆ, ಕುಂತಿದ್ದಿಲ್ಲ ಅಂದ್ರ ಬಲಗೈ ಅಂತ ಆಕಿಗೆ ಹೆಂಗ ತಿಳೀತಿತ್ತು? ನಾ ನೋಡೀನಿ ಅಪ್ಪಾ ಅಂದ ಆಕಿ ಮುಖ ಕಣ್ಣ ಮುಂದ ಬಂತು. ಬಾಯಿಗೆ ಸೆರಗು ತುರಕಿಕೊಂಡು ಅತ್ತೆ. ಬಕೀಟಿನವ ಹೆದರಿ ಬಕೀಟು ಎತ್ತಿಕೊಂಡು ಆಚಿ ಸರಿದ.

ಅಳು ಬಂದದ್ದು ಖರೆ. ಆದ್ರ ಛತ್ರಕ್ಕ ಹಿಂದಿರುಗುವಾಗ ಮತ್ತ ಆಕಿ ಬಾಗಿಲ ದಾಟಿದ್ವಿ, ಒಳಗ ದೀಪ ಇತ್ತು, ನಾನು ಬಡೀಲಿಲ್ಲ. ಮೊದಲ ಅಪ್ಪಗ ಹೇಳ್ತೀನಿ, ಆಮ್ಯಾಲ ಆಕಿಗೆ ಅಂತ ನನಗ ನಾನ ಸಮಾಧಾನ ಹೇಳಿಕೊಂಡೆ. ಸಿರುಗುಪ್ಪಕ್ಕ ಹೋಗೋ ದಾರಿಯಾಗ ಕುರುಗೋಡು ಬರ್ತೈತಿ, ಒಂದು ಹೊತ್ತು ಇಳಿದು ಹೋಗೋಣ ಅಂತ ಮಾಸ್ತರಿಗೆ ಹೇಳಿದೆ. ದಾರಿ ಉದ್ದಕ್ಕೂ ಮಾತು ಜೋಡಿಸಿಕೊಂಡೆ. ಅಪ್ಪಾ, ತಪ್ಪಾತು, ಸಣ್ಣಾಕಿ ಸುಳ್ಳು ಹೇಳಿದ್ದಿಲ್ಲ, ಆಕಿನ್ನ ಕರಸು. ಇಷ್ಟ ಮಾತು. ಬಂಡಿ ಒಂದೊಂದು ತಗ್ಗಿಗೆ ಇಳಿದಾಗೂ ಅದನ್ನ ಅಂದುಕೊಂಡೆ.

ಅಪ್ಪ ಎತ್ತಿನ ಗೆಜ್ಜಿ ಸಪ್ಪಳ ಕೇಳಿ ಕಟ್ಟಿ ಮ್ಯಾಲ ಎದ್ದು ಕುಂತಿದ್ದ. ನಾವು ಚಿತ್ರಕ್ಕ ಹೋದ ಸುದ್ದಿ ಯಾರೋ ಮುಟ್ಟಿಸಿದ್ರು. ನನ್ನ ಮಗಳು ಮತ್ತ ನೋಡಿ ಬಂದಾಳ, ಬರ್ರಿ ಬರ್ರಿ ಅಂತ ಓಣಿ ಮಂದಿನ್ನ ಕೂಗಿ ಕರಿಯಾಕ ಹತ್ತಿದ. ನನ್ನ ಮಗಳು ಅಂದ. ಮಂದಿ ಬಂದು ಕುಂತ್ರು. ನನ್ನ ಕೈ ಹಿಡಿದು ಮಗ್ಗಲಾಗ ಕುಂಡ್ರಿಸಿಕೊಂಡು, ಮುಖ ನನ್ನ ಕಡಿಗೆ ಮಾಡಿ, ತುಂಟರಂಗ ಕೇಳಿದ:

"ಈ ಸಲ ಮುದಿ ದೊರಿ ಯಾವ ಕೈಲೆ ಉಂಡ ಯವ್ವಾ?"

ಎಲ್ಲಾರೂ ನನ್ನ ಬಾಯಿ ನೋಡಾಕ ಹತ್ತಿದ್ರು. ಅಪ್ಪನ ಕೈ ತೊಡಿ ಮ್ಯಾಲ ಎತ್ತಿ ತಯಾರಾಗಿತ್ತು. ಕಲಿಸಿದಂಗ ನಾನು ಉಸಿರು ಹಿಡಿದೆ. ದಾರಿಯಾಗ ಜೋಡಿಸಿಕೊಂಡ ಮಾತು ಬಾಯಿ ತನಕ ಬಂದಿತ್ತು. ಆ ಮಾತು ಅಂದ್ರ ಆತ ಈ ಕೈ ಬಿಟ್ಟು ಬಳ್ಳಾರಿ ದಿಕ್ಕಿಗೆ ತಿರುಗ್ತಾನ, ಸಣ್ಣವ್ವಾ ಸಣ್ಣವ್ವಾ ಅಂತಾನ, ಬಂಡಿ ಹೂಡ್ರಿ ಅಂತಾನ, ಆಕಿ ಬರ್ತಾಳ, ಧೂಳು ಎದ್ದದ್ದು ಚಂದಾಗಿ ಹೇಳ್ತಾಳ. ನಾನು ಮತ್ತ ಕಂಬಕ್ಕ ಆತುಗೊಂಡು ಕಣಕ ನಾದಬೇಕು.

ಎಡಗೈಲೆ ಅಪ್ಪಾ ಅಂದೆ.

ಛಟ್ ಅಂತ ಪೆಟ್ಟು ಬಿತ್ತು. ಅಪ್ಪ ಕೆಮ್ಮು ಬರೋ ತನಕ ನಕ್ಕ. ನಕ್ಕು ಮುಗದ ಮ್ಯಾಲ, ಆಕಿ ಬಲಗೈ ಅಂದಿದ್ಲು ನೋಡು ಅಂತ ತಲಿ ಅಲ್ಲಾಡಿಸಿದ. ಮಾಸ್ತರು ಎತ್ತಿಗೆ ನೀರು ಕುಡಿಸಾಕ ಹೋಗಿದ್ರು, ಅವರಿಗಿದು ಕೇಳಲಿಲ್ಲ.

ಮುಂದಿನ ಸಲ ಹೇಳ್ತೀನಿ ಅಂದುಕೊಂಡೆ. ಮುಂದಿನ ಸಲ ಹೋದಾಗಲೂ ಹಂಗ ಅಂದು ಬಂದೆ. ಮಳಿಗಾಲದಾಗ ಅಪ್ಪಗ ಜ್ವರ ಬಂತು. ನನಗ ಹೇಳಿ ಕಳಿಸಿದ್ರು, ಹೋಗಿ ಎಂಟು ದಿನ ಮಗ್ಗಲಾಗ ಕುಂತೆ, ಗಂಜಿ ಕುಡಿಸಿದೆ, ಹಾಸಿಗಿ ಬದಲಿ ಮಾಡಿದೆ. ಜ್ವರ ನೆತ್ತಿಗೇರಿದ ಮ್ಯಾಲ ಆತ ನನ್ನ ಗುರುತು ಹಿಡಿಯಲಿಲ್ಲ. ಸಣ್ಣಾಕಿ ಬಂದ್ಲೇನು, ಸಣ್ಣಾಕಿ ಬಂದ್ಲೇನು ಅಂತ ಕೇಳಕೋತ ಇದ್ದ. ಬಂಡಿ ಕಳಿಸಿದ್ವಿ. ಹಳ್ಳ ತುಂಬಿ ಬಂಡಿ ಒಂದು ದಿನ ನಿಂತುಬಿಡ್ತು. ಆಕಿ ಬರೋದ್ರಾಗ ಅಪ್ಪ ಹೋಗಿದ್ದ.

ಹನ್ನೊಂದನೇ ದಿನ ಮಂದಿ ಎಲ್ಲಾ ಚದುರಿದ ಮ್ಯಾಲ ನಾವಿಬ್ಬರೂ ಹಿತ್ತಲದಾಗ ಭಾಂಡಿ ತಿಕ್ಕಾಕ ಕುಂತ್ವಿ. ಆಕಿ ಬೂದಿ ಹಚ್ಚಿ ಕೊಡೋದು, ನಾನು ತೊಳಿಯೋದು. ಅರ್ಧ ಭಾಂಡಿ ಮುಗದ ಮ್ಯಾಲ ಆಕಿನ ಮಾತು ಶುರು ಮಾಡಿದ್ಲು. ಆ ಜಗಳ ಆಗಿ ಒಂದು ತಿಂಗಳಿಗೆ ತನಗ ಎಲ್ಲಾ ತಿಳೀತು ಅಂದ್ಲು. ಅರಬಿ ಹಿಂದ ಕುಂತವರಿಗೆ ಎಡಬಲ ತಿರುವು ಮುರುವು ಕಾಣ್ತೈತಿ ಅಂತ ಗಂಡ ಅಕ್ಷರ ಬರದ ಒಂದು ಕಾಗದ ದೀಪಕ್ಕ ಹಿಡಿದು ಹಿಂದಿಂದ ತೋರಿಸಿದ್ನಂತ. ಅವತ್ತ ಬಂದು ಅಪ್ಪಗ ಹೇಳಬೇಕಂತ ಬಂಡಿ ಹೂಡಿಸಿದ್ಲಂತ.

ಮತ್ಯಾಕ ಬರಲಿಲ್ಲ ಅಂತ ಕೇಳಿದೆ.

"ಕಟ್ಟಿ ಮ್ಯಾಲ ನೀ ಹೇಳೋದು, ಅಪ್ಪ ನಗೋದು ಎಲ್ಲಾ ಮಂದಿ ಬಂದು ಹೇಳ್ತಿದ್ರು ಅಕ್ಕಾ. ನಾವು ಸಣ್ಣವರಿದ್ದಾಗಿಂದ ನೀ ಅಪ್ಪನ ಹತ್ರ ಹಂಗ ಕುಂತದ್ದು ನಾ ನೋಡೇ ಇಲ್ಲ. ನಾ ಬಂದ್ರ ಅದು ಕೆಡ್ತಿತ್ತು. ನಿನಗ ತಿಳಿದಿಲ್ಲ, ತಿಳಿದ ದಿನ ನೀನ ಅಪ್ಪಗ ಹೇಳ್ತಿ ಅಂತ ಗೊತ್ತಿತ್ತು, ಅದಕ್ಕ ಸುಮ್ಮನಿದ್ದೆ. ನಿನಗ ತಿಳೀಲೇ ಇಲ್ಲ, ಹೌದಿಲ್ಲೋ?"

ಕೈಯಾಗಿನ ತಂಬಿಗಿ ತೊಳದದ್ದನ್ನ ಮತ್ತ ತೊಳದೆ. ನಾನು ಒಂದು ಜೀವಮಾನ ಹೊಟ್ಟಿ ಉರಕೊಂಡು, ಸುಳ್ಳು ಹೇಳಿ, ಕೈಯಾಗ ಹಿಡಕೊಂಡದ್ದನ್ನ ಆಕಿ ಸುಮ್ಮನ ಕುಂತು ನನಗ ಬಿಟ್ಟುಕೊಟ್ಟಿದ್ಲು. ಆಗ ಆಕಿ ಕಾಲಿಗೆ ಬೀಳಬೇಕಿತ್ತು. ಆದ್ರ ಖರೆ ಹೇಳ್ತೀನಿ, ಆ ಗಳಿಗಿಯಾಗೂ ನನಗ ಬಂದದ್ದು ಹೊಟ್ಟಿಕಿಚ್ಚು. ಇದರಾಗೂ ಈಕಿನ ನನಗಿಂತ ದೊಡ್ಡಾಕಿ ಆಗಬೇಕೇನು ಅನಿಸ್ತು.

"ಇಲ್ಲ, ತಿಳೀಲಿಲ್ಲ" ಅಂದೆ.